ನಿಧಿ ನಿಕ್ಷೇಪವೂ ಸೆಟ್‌ಬ್ಯಾಕೂ

ಬೆಂಗಳೂರಿನಲ್ಲಿ ಸೈಟು ಕೊಂಡ ಮನುಷ್ಯ ತನ್ನ ಕ್ರಯಪತ್ರವನ್ನು ಪೂರ್ತಿ ಓದುವುದು ಎರಡೇ ಸಂದರ್ಭಗಳಲ್ಲಿ. ಪಕ್ಕದವರು ಕಾಂಪೌಂಡ್ ಗೋಡೆ ಎಬ್ಬಿಸಿದಾಗ ಒಮ್ಮೆ, ಬ್ಯಾಂಕಿನವರು ಸಾಲ ಆಗುವುದಿಲ್ಲ ಎಂದಾಗ ಇನ್ನೊಮ್ಮೆ. ನೋಂದಣಿಯ ದಿನವಂತೂ ಓದುವ ಮಾತೇ ಇಲ್ಲ. ಸಾಕ್ಷಿ ಹಾಕಲು ಬಂದ ಷಡ್ಡಕನಿಗೆ ಆಫೀಸಿಗೆ ಹೊತ್ತಾಗುತ್ತಿರುತ್ತದೆ, ಮಾರುವವರ ಕಡೆಯ ತಂಗಿಯೊಬ್ಬರು ಸಹಿ ಹಾಕುವ ಗಳಿಗೆಗೆ ಸರಿಯಾಗಿ ಮುನಿಸಿಕೊಂಡಿರುತ್ತಾರೆ, ಅವರನ್ನು ಸಮಾಧಾನ ಮಾಡಿ ಕರೆತರುವಷ್ಟರಲ್ಲಿ ಸರ್ವರ್ ಕೈಕೊಡುತ್ತದೆ. ಹೆಬ್ಬೆರಳು, ಫೋಟೊ, ಸಹಿ ಮುಗಿಸಿ ಹೊರಗೆ ಬಂದು ಒಂದು ಕಾಫಿ ಕುಡಿದರೆ ಸಾಕಪ್ಪಾ ಅನ್ನಿಸಿರುತ್ತದೆ.

ಹೀಗಾಗಿ ಪತ್ರದ ಅತಿ ಸೊಗಸಾದ ಸಾಲು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಷೆಡ್ಯೂಲಿಗೆ ಸ್ವಲ್ಪ ಮುಂಚೆ, ಪುತ್ರಪೌತ್ರ ಪಾರಂಪರ್ಯದ ಮಾತು ಬರುವ ಜಾಗದಲ್ಲಿ, ಹಳೆಯ ಪತ್ರಬರಹಗಾರರು ಒಂದು ಮಂತ್ರವನ್ನು ಕೂರಿಸಿರುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ ಈ ಸ್ವತ್ತನ್ನು ಅನುಭವಿಸಿಕೊಂಡು ಬರತಕ್ಕದ್ದು. ವಿಜಯನಗರದ ಅರಸರು ಅಗ್ರಹಾರ ಬಿಟ್ಟುಕೊಡುವಾಗ ಕಲ್ಲಿನಲ್ಲಿ ಕೊರೆಸುತ್ತಿದ್ದ ಪಟ್ಟಿ ಇದು. ನದಿ, ಬೆಟ್ಟ, ತೋಪು ಸೇರಿದ ಇಡೀ ಊರಿಗೆ ಹೊಲಿದ ಈ ಅಂಗಿಯನ್ನು ಈಗ ಮೂವತ್ತು ನಲವತ್ತರ ಸೈಟಿಗೆ ತೊಡಿಸಿದ್ದಾರೆ.

ಕೆಲವು ಪತ್ರಗಳಲ್ಲಿ ಜಲಕ್ಕೂ ಪಾಷಾಣಕ್ಕೂ ನಡುವೆ ತರುವೂ ಸೇರಿಕೊಳ್ಳುತ್ತದೆ. ಆಗ ಎಣಿಸಿದರೆ ಒಂಬತ್ತು. ನಮ್ಮ ಬೀದಿಯ ಮೂಲೆಮನೆಯಲ್ಲಿ ತಾಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರಿದ್ದಾರೆ. ಇಡೀ ಬಡಾವಣೆಯ ಕಾಗದಪತ್ರದ ರೋಗಗಳಿಗೆ ಅವರೇ ವೈದ್ಯರು. ಅವರ ಮುಂದೆ ಈ ಅನುಮಾನ ಇಟ್ಟೆ.

"ಅಷ್ಟ ಅಂತಾರೆ, ಒಂಬತ್ತಿದೆಯಲ್ಲ ಸಾರ್?"

"ಇರ್ಲಿ ಬಿಡಿ ಸ್ವಾಮಿ, ಒಂದು ಸ್ಟ್ಯಾಂಪ್ ಡ್ಯೂಟಿಗೆ ಹೋಗತ್ತೆ" ಎಂದು ಅವರು ನಶ್ಯದ ಡಬ್ಬಿ ಮುಚ್ಚಿದರು.

ಮಾರಿದವನು ಎಂಟನ್ನೂ ಕೊಟ್ಟೆನೆಂದು ಪತ್ರ ಹೇಳುತ್ತದೆ. ಕೊಂಡವನಿಗೆ ಎಷ್ಟು ದಕ್ಕಿತೆನ್ನುವುದು ಬೇರೆ ಪುಸ್ತಕಗಳಲ್ಲಿದೆ: ಪಾಲಿಕೆಯ ಕಾಯಿದೆ, ಕಟ್ಟಡ ಬೈಲಾ, ವಲಯ ನಿಯಮ, ಜಲಮಂಡಳಿಯ ಕಾಯಿದೆ, ಮರಗಳ ಕಾಯಿದೆ. ಇವನ್ನು ಓದಿದವರು ಕಡಿಮೆ. ಓದಿದವರು ಮನೆ ಕಟ್ಟುವ ಧೈರ್ಯ ಮಾಡಿದ್ದು ಇನ್ನೂ ಕಡಿಮೆ.

ನಿಧಿಯಿಂದಲೇ ಶುರುಮಾಡೋಣ. 1878ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆ, ಹೂತಿಟ್ಟ ವಸ್ತು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆ ಬಾಳಿದರೆ ಕಲೆಕ್ಟರಿಗೆ ತಿಳಿಸಬೇಕು ಎಂದಿತು. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಕಾಯಿದೆ ಮಾಡಿಕೊಂಡಿತು. ನನಗೆ ಗೊತ್ತಿರುವ ಯಾರಿಗೂ ಈ ಕಾಯಿದೆಯಿಂದ ತೊಂದರೆಯಾಗಿಲ್ಲ. ನಮ್ಮ ಕಡೆ ಪಾಯ ತೆಗೆದರೆ ಸಿಗುವುದು ಒಡೆದ ಬಿಯರ್ ಬಾಟಲಿ, ಸಿಮೆಂಟ್ ಚೀಲ, ಯಾವುದೋ ಕಾಲದ ಪಾಲಿಯೆಸ್ಟರ್ ಸೀರೆಯ ಅಂಚು. ಯಾರೋ ಹಳ್ಳ ತುಂಬಿಸಿ ಸೈಟು ಮಾಡಿದ್ದಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಶಾಸನ ಬೇಕಿಲ್ಲ.

ಜಲದ ಕತೆ ಇಷ್ಟು ಹಗುರವಲ್ಲ. ನಮ್ಮ ನಲ್ಲಿಯ ನೀರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪಿನ ಮೇಲೆ ಪಂಪು ಹತ್ತಿ ಬರುತ್ತದೆ. ನೆಲದಡಿಯ ನೀರಾದರೂ ನಮ್ಮದೇ ಅಲ್ಲವೇ ಎಂದರೆ, ಅಲ್ಲ. ಬೋರ್‌ವೆಲ್ ಕೊರೆಸಲು ಅನುಮತಿ ಬೇಕು. ಹಾಗಾದರೆ ಆಕಾಶದಿಂದ ಬಿದ್ದ ನೀರು? ಅದು ನಿಮ್ಮದೇ, ಆದರೆ ಹಿಡಿಯಲೇಬೇಕು. 2009ರ ತಿದ್ದುಪಡಿಯಿಂದ ಜಲಮಂಡಳಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು: ಹಳೆಯ ಮನೆಯಾದರೆ ಅರವತ್ತು ನಲವತ್ತರ ಸೈಟು ಮತ್ತು ಮೇಲ್ಪಟ್ಟವರಿಗೆ, ಹೊಸದಾಗಿ ಕಟ್ಟುವವರಾದರೆ ಮೂವತ್ತು ನಲವತ್ತಕ್ಕೇ. ಮಾಡದವರಿಗೆ ನೀರಿನ ಬಿಲ್ಲಿನ ಮೇಲೆ ದಂಡ. ಆ ವರ್ಷಗಳಲ್ಲಿ ನಮ್ಮ ಬೀದಿಯ ತುಂಬ ನೀಲಿ ಡ್ರಮ್ಮುಗಳು ಬಂದಿಳಿದವು. ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮು. ತಾರಸಿಯ ಪೈಪು ಅದಕ್ಕೆ, ಅದರಿಂದ ಇನ್ನೊಂದು ಪೈಪು ಇಂಗುಗುಂಡಿಗೆ. ಒಂದು ಮನೆಯ ಡ್ರಮ್ಮಿನ ಮೇಲೆ ಈಗ ತುಳಸಿ ಕುಂಡವಿದೆ, ಪೈಪು ಸೀದಾ ಮೋರಿಗೆ ಹೋಗುತ್ತದೆ. ಆ ಮನೆಯ ಅಜ್ಜಿಯನ್ನು ಕೇಳಿದರೆ, "ಇದೆಯಲ್ಲಪ್ಪ ಡ್ರಮ್ಮು, ಮೀಟರಿನವನು ನೋಡಿಕೊಂಡು ಹೋದ" ಅನ್ನುತ್ತಾರೆ. ಇದೆ ಎನ್ನುವುದೇ ನಿಯಮ, ಕೆಲಸ ಮಾಡುತ್ತದೆಯೇ ಎನ್ನುವುದು ವೇದಾಂತ.

2024ರ ಬೇಸಿಗೆ ನೆನಪಿರಬೇಕು. ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆಯಬೇಡಿ, ಕೈತೋಟಕ್ಕೆ ಹಾಯಿಸಬೇಡಿ, ತಪ್ಪಿದರೆ 5000 ರೂಪಾಯಿ ದಂಡ ಎಂದಿತು. ಅದುವರೆಗೆ ಬೆಳಗ್ಗೆ ಏಳಕ್ಕೆ ಪೈಪು ಹಿಡಿದು ರಸ್ತೆಯನ್ನೂ ಕಾರನ್ನೂ ಒಟ್ಟಿಗೆ ತೊಳೆಯುತ್ತಿದ್ದ ಎದುರುಮನೆಯವರು ಬೆಳಗ್ಗೆ ನಾಲ್ಕೂವರೆಗೆ ಏಳಲು ಶುರುಮಾಡಿದರು. ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ಅವರಿಗೆ ಯಾವ ಸ್ವಾಮೀಜಿಯೂ ಮನದಟ್ಟು ಮಾಡಿಕೊಟ್ಟಿರಲಿಲ್ಲ.

ಈ ಎದುರುಮನೆಯವರಿಗೂ ತರುವಿಗೂ ಹಳೆಯ ದ್ವೇಷ. ಅವರ ಗೇಟಿನ ಮುಂದೆ, ಫುಟ್‌ಪಾತಿನ ಅಂಚಿನಲ್ಲಿ, ಒಂದು ಹೊಂಗೆ ಮರವಿದೆ. ಮನೆ ಕಟ್ಟಿದಾಗ ಅವರು ಮುಂಭಾಗಕ್ಕೆ ದುಬಾರಿ ಕಲ್ಲು ಹೊದಿಸಿದ್ದರು, ಎಲಿವೇಶನ್ ಎಂದು ಅದಕ್ಕೆ ಬೇರೆಯೇ ಎಂಜಿನಿಯರ್ ಬಂದಿದ್ದ. ರಸ್ತೆಯಿಂದ ನೋಡಿದರೆ ಹೊಂಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕಡಿಸಲು ಹೋದರು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಮ್ಮ ಕಾಂಪೌಂಡಿನೊಳಗೆ ನೀವೇ ನೆಟ್ಟು ನೀರೆರೆದ ಮರವನ್ನೂ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ, ಫುಟ್‌ಪಾತಿನದಂತೂ ದೂರವೇ ಉಳಿಯಿತು. ಅರ್ಜಿಯಲ್ಲಿ ಅವರು ಎಲೆ ಉದುರುತ್ತದೆ, ಹಕ್ಕಿ ಗಲೀಜು ಮಾಡುತ್ತದೆ, ಕೊಂಬೆ ತಂತಿಗೆ ತಾಗುತ್ತದೆ, ಅತ್ತೆಗೆ ಅಲರ್ಜಿ ಎಂದು ಬರೆದರು. ಯಾರೋ ಬಂದು ತಂತಿಗೆ ತಾಗುವ ಒಂದು ಕೊಂಬೆ ಕತ್ತರಿಸಿ ಹೋದರು. ಅತ್ತೆಯ ಅಲರ್ಜಿಗೆ ಕಾಯಿದೆಯಲ್ಲಿ ಅವಕಾಶ ಸಿಗಲಿಲ್ಲ. ಹೊಂಗೆ ಮರುವರ್ಷ ಎರಡರಷ್ಟು ಚಿಗುರಿತು.

ಪಾಷಾಣದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲಾಲ್‌ಬಾಗಿನ ಬಂಡೆಯ ಬಂಧುಬಳಗ ಊರಿನಡಿಯೆಲ್ಲ ಮಲಗಿದೆ. ನೀರಿನ ಸಂಪಿಗೆ ಗುಂಡಿ ತೆಗೆಯುವಾಗ ಆ ಬಂಡೆಯ ಬೆನ್ನು ಸಿಕ್ಕಿತೋ, ಮೇಸ್ತ್ರಿಯ ದರ ಅಲ್ಲೇ ಬದಲಾಗುತ್ತದೆ. ಆ ಭೋಗ ಪೂರ್ತಿ ಅವನದು.

ಸಾಧ್ಯ ಎನ್ನುವುದರ ಮೇಲೆ ಮಾತ್ರ ಬೆಂಗಳೂರಿಗರ ಎಲ್ಲ ಆಸೆಗಳೂ ನಿಂತಿವೆ. ಸೈಟಿನಲ್ಲಿ ಎಷ್ಟು ಕಟ್ಟಲು ಸಾಧ್ಯ? ಲೆಕ್ಕ ಸರಳವಾಗಿದೆ. ಮೂವತ್ತು ನಲವತ್ತೆಂದರೆ 1200 ಚದರಡಿ. ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರ ವಲಯ ನಿಯಮದಂತೆ ಇಂಥ ಸಣ್ಣ ಸೈಟಿನ ಮುಂದೆ 12 ಮೀಟರ್ ಒಳಗಿನ ರಸ್ತೆಯಿದ್ದರೆ ನೆಲದ ಶೇ. 75ನ್ನಷ್ಟೇ ಮುಚ್ಚಬಹುದು, ಎಲ್ಲ ಮಹಡಿ ಸೇರಿ ಸೈಟಿನ 1.75 ಪಟ್ಟು ಕಟ್ಟಬಹುದು. ಅಂದರೆ ಒಂದು ಮಹಡಿಗೆ 900, ಒಟ್ಟು 2100 ಚದರಡಿ. ಎರಡು ಮಹಡಿ ಸಲೀಸು, ಮೂರನೆಯದು 300 ಚದರಡಿಯ ಒಂದು ಕೋಣೆ ಮತ್ತು ಅದರ ಮುಂದೆ ಬಟ್ಟೆ ಒಣಹಾಕಲು ತಾರಸಿ. ಕಾಗದದ ಮೇಲೆ ಎಂಥ ಚೆಂದದ ಮನೆ! (ಈ ಪ್ಲಾನಿಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ, ಹೆಸರೇ ಹೇಳುವಂತೆ ಅದರ ಗಡುವು 2015. ಮುಂದಿನ ಪ್ಲಾನು ಬರುವವರೆಗೂ ಇದೇ ದುಡಿಯುತ್ತಿರಬೇಕು.) ಈಗ ಯಾವುದಾದರೂ ಬಡಾವಣೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮೂವತ್ತು ನಲವತ್ತರ ಮೇಲೆ ನಾಲ್ಕು ಮಹಡಿ, ಅದರ ತಲೆಯ ಮೇಲೆ ಬ್ಯಾಚುಲರುಗಳಿಗೆಂದು ಶೀಟು ಹೊದಿಸಿದ ಸಿಂಗಲ್ ರೂಮು, ಅದರ ಮೇಲೆ ಸಿಂಟೆಕ್ಸು.

"ಪ್ಲಾನಿನಲ್ಲಿ ಇಷ್ಟಿಲ್ಲವಲ್ಲ?" ಎಂದು ಪಕ್ಕದ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. "ಸಾರ್, ಅದು ಕಾರ್ಪೊರೇಷನ್ ಪ್ಲಾನು. ಇದು ಬಿಲ್ಡಿಂಗ್ ಪ್ಲಾನು. ಎರಡನ್ನೂ ಸೇರಿಸ್ಬಾರ್ದು" ಎಂದ. ಮಡಿಬಟ್ಟೆ ಮೈಲಿಗೆ ಬಟ್ಟೆ ಬೇರೆ ಇಡುವಂತೆ ಎರಡು ನಕ್ಷೆಗಳನ್ನು ಅವನು ಬೇರೆ ಬೇರೆ ಕೊಳವೆಯಲ್ಲಿಟ್ಟಿದ್ದ.

ಮನೆಯ ಸುತ್ತ ಜಾಗ ಬಿಡಬೇಕೆಂಬ ನಿಯಮ ಯಾವನೋ ಅಧಿಕಾರಿಯ ತಲೆಹರಟೆಯಲ್ಲ. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಮನೆಗೆ ಮನೆ ಗೋಡೆ ಹಂಚಿಕೊಂಡು ಬದುಕಿದ ಊರು ಇದು. ಒಬ್ಬರ ಅಡುಗೆಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಿದ್ದರು. 1898ರಲ್ಲಿ ಪ್ಲೇಗ್ ಬಂದಾಗ ಆ ಹತ್ತಿರವೇ ಮುಳುವಾಯಿತು. ಬಸವನಗುಡಿ, ಮಲ್ಲೇಶ್ವರಗಳು ಆ ಹೊತ್ತಿನ ಬಡಾವಣೆಗಳು: ಅಗಲ ರಸ್ತೆ, ಸುತ್ತ ಜಾಗ ಬಿಟ್ಟ ಮನೆಗಳು, ಹಿತ್ತಿಲಿಗೂ ಹಿತ್ತಿಲಿಗೂ ನಡುವೆ ಕಸ ಹೊರುವವರಿಗೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ. ಮಲ್ಲೇಶ್ವರದಲ್ಲಿ ಆ ಓಣಿಗಳಲ್ಲಿ ಈಗಲೂ ನಡೆಯಬಹುದು, ನಾಯಿಗಳಿಗೆ ನಿಮ್ಮ ಮೇಲೆ ವಿಶ್ವಾಸವಿದ್ದರೆ. ಸೆಟ್‌ಬ್ಯಾಕಿನ ಹಿಂದಿರುವುದು ಆ ಭಯವೇ. ಗಾಳಿ ಆಡಲಿ, ಬಿಸಿಲು ಬೀಳಲಿ, ಬೆಂಕಿ ಬಿದ್ದರೆ ಒಂದು ಮನೆಗೇ ನಿಲ್ಲಲಿ.

ನಮ್ಮವರು ಈ ನಿಯಮವನ್ನು ಪಾಲಿಸುವುದಿಲ್ಲ ಎಂದರೆ ಅನ್ಯಾಯವಾದೀತು. ನೆಲಮಹಡಿಯಲ್ಲಿ ಪಾಲಿಸುತ್ತಾರೆ. ಅಳೆಯಲು ಬರುವವರು ಟೇಪು ಹಿಡಿಯುವುದು ಅಲ್ಲೇ ತಾನೇ. ಒಂದನೆಯ ಮಹಡಿಯಲ್ಲಿ ಕಟ್ಟಡಕ್ಕೆ ಕುತೂಹಲ ಶುರುವಾಗಿ ರಸ್ತೆಯತ್ತ ಒಂದಡಿ ಬಗ್ಗುತ್ತದೆ. ಎರಡನೆಯದು ಎರಡಡಿ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತವರು ಎದುರುಗಡೆಯವರ ಟಿ.ವಿ.ಯಲ್ಲಿ ಯಾವ ಧಾರಾವಾಹಿ ಬರುತ್ತಿದೆ ಎಂದು ನೋಡಬಹುದು. ಪಕ್ಕದ ಗೋಡೆಗಳ ನಡುವಣ ಸಂದಿಯಲ್ಲಿ ಒಬ್ಬ ತೆಳ್ಳಗಿನ ಪ್ಲಂಬರು ಅಡ್ಡಡ್ಡ ನಡೆದು ಹೋಗಬಲ್ಲ. ಊಟವಾದ ಮೇಲಾದರೆ ಅವನಿಗೂ ಕಷ್ಟ. ವಾಸ್ತುವಿನವನು ಮಾತ್ರ ಈಶಾನ್ಯದಲ್ಲಿ ಎರಡಡಿ ಬಿಡಿ ಎಂದರೆ ಯಾರೂ ಮಾತೆತ್ತದೆ ಮೂರಡಿ ಬಿಡುತ್ತಾರೆ. ಬೈಲಾವನ್ನು ಪಂಚಾಂಗದ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದರೆ ಬೆಂಗಳೂರಿನ ರೂಪವೇ ಬೇರೆಯಿರುತ್ತಿತ್ತೆಂದು ನನಗೆ ಅನೇಕ ಸಲ ಅನ್ನಿಸಿದೆ.

ಹೀಗೆ ಸಾಧ್ಯವಾದದ್ದನ್ನೆಲ್ಲ ಕಟ್ಟಿಬಿಟ್ಟರೆ ಅದು ಸಿದ್ಧವಾಗುತ್ತದೆ. ಸಿದ್ಧವಾಗಿರುವುದನ್ನು ಒಡೆಯುವುದು ಯಾರಿಗೂ ಬೇಡ. 2003ರ ಬೈಲಾ ಶೇ. 5ರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಕ್ಷಮಿಸುತ್ತಿತ್ತು. ಆ ಐದರಲ್ಲಿ ನಮ್ಮೂರಿನ ಒಂದು ಚಜ್ಜಾ ಕೂಡ ಹಿಡಿಯುವುದಿಲ್ಲ. 2007ರಲ್ಲಿ ನಗರ ಯೋಜನಾ ಕಾಯಿದೆ ತಿದ್ದಿ ಅಕ್ರಮ ಸಕ್ರಮ ತಂದರು: ವಾಸದ ಮನೆಗಾದರೆ ಶೇ. 50, ವಾಣಿಜ್ಯ ಕಟ್ಟಡಕ್ಕಾದರೆ ಶೇ. 25ರವರೆಗಿನ ಉಲ್ಲಂಘನೆಗೆ ಹಣ ಕಟ್ಟಿದರೆ ಮಾಫಿ. ನಿಯಮಾವಳಿ ಹೊರಬರುವಷ್ಟರಲ್ಲಿ 2014. ಹೈಕೋರ್ಟು 2016ರ ಡಿಸೆಂಬರ್‌ನಲ್ಲಿ ಸರಿ ಎಂದಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಹತ್ತು ವರ್ಷ ಈ ಯೋಜನೆಯ ನಿರೀಕ್ಷೆಯಲ್ಲಿ ಎಷ್ಟು ಮಹಡಿಗಳು ಎದ್ದವೋ ಲೆಕ್ಕವಿಟ್ಟವರಿಲ್ಲ. ಕ್ಷಮೆ ಬರಲಿದೆ ಎಂದು ಮುಂಚೆಯೇ ಡಂಗುರ ಹೊಡೆದರೆ ಪಾಪಕ್ಕೆ ಯಾರು ತಡಮಾಡುತ್ತಾರೆ?

ಆಮೇಲೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಓಸಿ, ಅಂದರೆ ವಾಸಯೋಗ್ಯ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಕೊಡಬಾರದು. ಅಲ್ಲಿಯವರೆಗೆ ನಮ್ಮ ಕಡೆ ಓಸಿ ಎನ್ನುವುದು ದೊಡ್ಡ ಅಪಾರ್ಟ್‌ಮೆಂಟಿನವರು ಆಡುವ ಮಾತಾಗಿತ್ತು. ಗೃಹಪ್ರವೇಶಕ್ಕೆ ಪುರೋಹಿತರು ಇಟ್ಟ ಮುಹೂರ್ತವೇ ನಮ್ಮ ಓಸಿ. ಹಾಲು ಉಕ್ಕಿಸಿ, ಊಟ ಹಾಕಿಸಿ, ಕಟ್ಟಡಕ್ಕೆಂದು ತಾತ್ಕಾಲಿಕವಾಗಿ ಪಡೆದ ಮೀಟರಿನಲ್ಲೇ ದೀಪ ಹಚ್ಚಿಕೊಂಡು ಕೂತವರು ಬೇಕಾದಷ್ಟು ಮಂದಿ. ಮರುವರ್ಷ ಸರ್ಕಾರ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ನಮ್ಮ ಬೀದಿಯಲ್ಲಿ ಅಂದು ಯಾರೋ ಪಟಾಕಿ ಹೊಡೆದರು. ಕ್ರಿಕೆಟ್ ಗೆದ್ದಿದ್ದಕ್ಕೂ ಇರಬಹುದು.

ಖಾತೆಯ ವಿಷಯಕ್ಕೆ ಬಂದರೆ ನಮ್ಮ ಬೀದಿ ಎರಡು ಹೋಳು. ಬಲಗಡೆಯ ಸಾಲು ಬಿಡಿಎ ಮಾಡಿದ ಬಡಾವಣೆ, ಎಡಗಡೆಯದು ಪಕ್ಕದ ಹಳ್ಳಿಯ ರಾಗಿ ಹೊಲ ಹಾಗೇ ಸೈಟಾದದ್ದು. ನಡುವೆ ಮೂವತ್ತಡಿ ರಸ್ತೆ. ಒಂದೇ ಕಸದ ಗಾಡಿ, ಒಂದೇ ಹಾಲಿನವನು, ಒಂದೇ ಗಣೇಶನ ಚಂದಾ. ಆದರೆ ಬಲಗಡೆಯವರು ಎ, ಎಡಗಡೆಯವರು ಬಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಇಂಥ ರೆವಿನ್ಯೂ ಸೈಟುಗಳು ಲಕ್ಷಗಟ್ಟಲೆ ಒಳಗೆ ಬಂದವು. ಭೂಪರಿವರ್ತನೆ ಆಗಿಲ್ಲ, ಬಡಾವಣೆಗೆ ಮಂಜೂರಾತಿಯಿಲ್ಲ; ಒಪ್ಪಿದರೆ ತಪ್ಪು, ಹಾಗೆಂದು ತೆರಿಗೆ ಬಿಡುವುದುಂಟೇ? 1976ರ ಪೌರನಿಗಮಗಳ ಕಾಯಿದೆಯ 108ಎ ಕಲಮು ಇದಕ್ಕೆ ಒಂದು ದಾರಿ ಕಂಡುಹಿಡಿಯಿತು: ತೆರಿಗೆ ತೆಗೆದುಕೊಳ್ಳೋಣ, ಪ್ರತ್ಯೇಕ ವಹಿಯಲ್ಲಿ ಬರೆದಿಡೋಣ, ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅಕ್ರಮ ಸಕ್ರಮವಾಯಿತು ಎಂದು ಮಾತ್ರ ಯಾರೂ ತಿಳಿಯಬಾರದು. ಆ ಪ್ರತ್ಯೇಕ ವಹಿಯೇ ಬಿ ರಿಜಿಸ್ಟರು. ಜನ ಅದನ್ನು ಪ್ರೀತಿಯಿಂದ ಬಿ ಖಾತಾ ಎಂದು ಕರೆದರು.

ಎ ಆದರೂ ಬಿ ಆದರೂ ಖಾತೆ ಎಂಬುದು ಮಾಲೀಕತ್ವದ ಪತ್ರವಲ್ಲ, ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ಬರೆದಿಟ್ಟ ಲೆಕ್ಕ ಮಾತ್ರ. ಕೋರ್ಟುಗಳು ಇದನ್ನು ಹೇಳಿ ಹೇಳಿ ಸುಸ್ತಾಗಿವೆ. ಬ್ಯಾಂಕಿನವರಿಗೂ ಬೀಗರಿಗೂ ಈ ತೀರ್ಪು ಇನ್ನೂ ತಲುಪಿಲ್ಲ. ನಮ್ಮ ಎಡಸಾಲಿನ ಹುಡುಗನೊಬ್ಬನ ಸಂಬಂಧ ಜಾತಕ ಕೂಡಿ, ಸಂಬಳ ಕೂಡಿ, ಖಾತೆಯಲ್ಲಿ ಮುರಿಯಿತೆಂದು ಶಿರಸ್ತೇದಾರರು ಹೇಳುತ್ತಾರೆ. "ಹುಡುಗ ಎ ಗ್ರೇಡು ಸ್ವಾಮಿ, ಮನೆ ಬಿ ಅಂತ ಬಿಟ್ಟುಬಿಟ್ರು" ಎಂದು ಅವರಿಗೆ ಇವತ್ತಿಗೂ ಸಂಕಟ. 2025ರ ನವೆಂಬರಿನಲ್ಲಿ, ಮಾರ್ಗಸೂಚಿ ಬೆಲೆಯ ಶೇ. 5 ಕಟ್ಟಿದರೆ ಬಿಯನ್ನು ಎ ಮಾಡಿಕೊಡುವ ಯೋಜನೆ ಬಂದಾಗ, ಆ ಹುಡುಗನ ತಂದೆ ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದರಂತೆ. ಹುಡುಗ ಅಷ್ಟರಲ್ಲಿ ಕೆನಡಾ ಸೇರಿದ್ದ.

ಅಕ್ಷೀಣಿ ಎಂದರೆ ಎಂದೂ ಕ್ಷಯಿಸದ್ದು. ಆಸ್ತಿ ತೆರಿಗೆಯ ನಮೂನೆ ತುಂಬಿದವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ಸ್ವಯಂ ಘೋಷಣೆ ಎಂಬ ಪದ್ಧತಿ ನನಗೆ ಬಹಳ ಇಷ್ಟ. ನಿಮ್ಮ ಮನೆ ಎಷ್ಟು ಚದರಡಿ ಎಂದು ನೀವೇ ಹೇಳಬೇಕು, ಯಾವ ವಲಯದ್ದೆಂದು ನೀವೇ ಹೇಳಬೇಕು, ಎಷ್ಟು ಹಳೆಯದು, ಎಷ್ಟರಲ್ಲಿ ಬಾಡಿಗೆಗಿದೆ ಎಂದೂ ನೀವೇ. ಬ್ಯಾಂಕಿಗೆ ಮನೆಯ ಅಳತೆ ಹೇಳುವಾಗ ಉಬ್ಬಿದ ಎದೆಗಳು ಈ ನಮೂನೆಯ ಮುಂದೆ ಹೇಗೆ ಕುಗ್ಗುತ್ತವೆಂಬುದನ್ನು ನೋಡಬೇಕು. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಎಂದು ನಮ್ಮಾಕೆ ಯುಗಾದಿಯಿಂದಲೇ ನೆನಪಿಸುತ್ತಾಳೆ.

ತೆರಿಗೆಯ ಮೇಲೆ ಶೇ. 24 ಕರ ಬೇರೆ: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ 3. ಈ ಮೂರನ್ನು ನಾನು ಪ್ರತಿ ವರ್ಷ ಸಂತೋಷದಿಂದ ಓದುತ್ತೇನೆ. ಮನೆ ಕಟ್ಟಿಸಿದವನಿಗೆ ಕ್ರಮವಾಗಿ ಏನೇನು ಬೇಕಾಗುತ್ತದೆಂಬುದನ್ನು ಬಲ್ಲವರು ಯಾರೋ ಜೋಡಿಸಿದ್ದಾರೆ. ಮೊದಲು ಆರೋಗ್ಯ ಕೆಡುತ್ತದೆ. ಕಾಯಿದೆ ಓದಲು ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ. ಕೊನೆಯದು ಎಲ್ಲರಿಗೂ ಗೊತ್ತು. ತಮಾಷೆ ಬಿಟ್ಟರೆ, ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಬೆಳಗ್ಗೆ ಪೇಪರು ಓದಲು ಬರುವ ಮುದುಕರಲ್ಲಿ ಒಬ್ಬರಾದರೂ ತಾವು ಕೂತ ಕುರ್ಚಿಗೆ ತಾವೇ ದುಡ್ಡು ಕೊಟ್ಟಿದ್ದೇವೆಂದು ತಿಳಿದಂತೆ ಕಾಣುವುದಿಲ್ಲ. ತಿಳಿದಿದ್ದರೆ ಫ್ಯಾನು ಹಾಕಿ ಎಂದು ಕೇಳುವಾಗ ಇಷ್ಟು ಸಂಕೋಚಪಡುತ್ತಿರಲಿಲ್ಲ. 2025ರಿಂದ ಇವೆಲ್ಲದರ ಜತೆಗೆ ಕಸದ ಶುಲ್ಕವೂ ಬಂದು ಕೂತಿದೆ. 600 ಚದರಡಿಯ ಮನೆಗೆ ತಿಂಗಳಿಗೆ 10 ರೂಪಾಯಿ, 4000 ಚದರಡಿ ಮೀರಿದರೆ 400. ಮನೆ ದೊಡ್ಡದಾದರೆ ಕಸವೂ ದೊಡ್ಡದೆಂಬ ತರ್ಕ ಇದರಲ್ಲಿದೆ. ಮೂಲೆಮನೆಯವರದು ದೊಡ್ಡ ಮನೆ, ಇರುವವರು ಇಬ್ಬರೇ. "ನಮ್ಮ ಮನೇಲಿ ಕಸಕ್ಕಿಂತ ರಸೀದಿನೇ ಜಾಸ್ತಿ" ಎಂಬುದು ಶಿರಸ್ತೇದಾರರ ದೂರು.

ಇಷ್ಟಾದ ಮೇಲೆ ನೋಡಿದರೆ, ಪತ್ರದಲ್ಲಿ ಬರೆದು ಕೊಟ್ಟ ಭೋಗಗಳಿಗೆಲ್ಲ ಒಂದೊಂದು ಅರ್ಜಿ ನಮೂನೆ ಇದೆ. ಬರೆದು ಕೊಡದ ಒಂದು ಭೋಗ ಮಾತ್ರ ನಮ್ಮ ಜನರಿಗೆ ನಿರಾತಂಕವಾಗಿ ದಕ್ಕಿದೆ. ಅದು ಫುಟ್‌ಪಾತು. ನಮ್ಮ ಗೇಟಿನಿಂದ ರಸ್ತೆಯವರೆಗಿನ ಆ ನಾಲ್ಕಡಿ ಯಾವ ಕ್ರಯಪತ್ರದಲ್ಲೂ ಇಲ್ಲ, ಯಾವ ಖಾತೆಯಲ್ಲೂ ಇಲ್ಲ, ಅದಕ್ಕೆ ತೆರಿಗೆಯೂ ಇಲ್ಲ. ಅಲ್ಲಿ ಗ್ರಾನೈಟ್ ರ್ಯಾಂಪು ಇಳಿಯುತ್ತದೆ. ರ್ಯಾಂಪಿನ ಎರಡೂ ಬದಿಗೆ ಕುಂಡಗಳು ಬರುತ್ತವೆ. ಕುಂಡಗಳನ್ನು ದನ ತಿನ್ನದಿರಲೆಂದು ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಗ್ರಿಲ್ಲಿಗೆ ಕಟ್ಟಿದ ತಗಡಿನ ಮೇಲೆ "ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ" ಎಂದಿದ್ದು, ಕೆಳಗೆ ಟ್ಯೂಷನ್ ಸೆಂಟರಿನ ಫೋನ್ ನಂಬರು. ತೀರ ಖಡಕ್ಕಾದವರು "ಗಾಳಿ ಬಿಡಲಾಗುವುದು" ಎಂದೂ ಬರೆಸುತ್ತಾರೆ. ಸ್ವಂತ ಸೈಟಿನಲ್ಲಿ ಅರ್ಧ ಅಡಿ ಬಿಡಲು ಒದ್ದಾಡುವ ಮನುಷ್ಯ ಸರ್ಕಾರದ ನಾಲ್ಕಡಿಯಲ್ಲಿ ಗುಲಾಬಿ ತೋಟ ಮಾಡಿ, ಅದಕ್ಕೆ ನೀರು ಹಾಕುವಾಗ ಎಷ್ಟು ಪ್ರಸನ್ನನಾಗಿರುತ್ತಾನೆ! ನಡೆಯುವವರು ರಸ್ತೆಯಲ್ಲಿ ನಡೆಯುತ್ತಾರೆ, ಹಾರ್ನು ಹೊಡೆಸಿಕೊಳ್ಳುತ್ತಾರೆ.

ಒಮ್ಮೆ ಜೆಸಿಬಿ ಬಂದಿತ್ತು. ಮೋರಿಯ ಹೂಳು ತೆಗೆಯಲು ರ್ಯಾಂಪುಗಳನ್ನು ಸಾಲಾಗಿ ಒಡೆಯಿತು. ಒಡೆಯುವಾಗ ಬೀದಿಯಲ್ಲಿ ಕಂಡ ಒಗ್ಗಟ್ಟು ರಾಜ್ಯೋತ್ಸವದಲ್ಲೂ ಕಂಡಿರಲಿಲ್ಲ. ಎ ಸಾಲಿನವರೂ ಬಿ ಸಾಲಿನವರೂ ಒಬ್ಬರಿಗೊಬ್ಬರು ಹಲಗೆ ಎರವಲು ಕೊಟ್ಟು ಕಾರು ಇಳಿಸಿಕೊಂಡರು. ಹೊಸ ರ್ಯಾಂಪುಗಳು ಬಂದಾಗ ಮೊದಲಿಗಿಂತ ತುಸು ಉದ್ದವಾಗಿದ್ದವು, ಮುಂದಿನ ಸಲ ಒಡೆದರೆ ಒಂದಿಷ್ಟಾದರೂ ಉಳಿಯಲಿ ಎಂದು.

ಉಳಿದದ್ದು ಆಗಾಮಿ, ಮುಂದೆ ಬರುವುದು. ನಮ್ಮ ಊರಿನಲ್ಲಿ ಮುಂದೆ ಬರುವುದೆಂದರೆ ಸಾಮಾನ್ಯವಾಗಿ ರಸ್ತೆ ಅಗಲೀಕರಣ. ಕಾಂಪೌಂಡಿನ ಮೇಲೆ ಕೆಂಪು ಬಣ್ಣದ ಗುರುತು ಬೀಳುತ್ತದೆ, ಹೋದ ಜಾಗಕ್ಕೆ ಹಣದ ಬದಲು ಟಿಡಿಆರ್ ಎಂಬ ಕಾಗದ ಸಿಗುತ್ತದೆ. ಆ ಕಾಗದದ ಬಲದ ಮೇಲೆ ಬೇರೆಲ್ಲೋ ಬೇರೆ ಯಾರೋ ಹೆಚ್ಚು ಮಹಡಿ ಕಟ್ಟಬಹುದು. ಇದನ್ನು ಅರ್ಥಮಾಡಿಸಲು ಶಿರಸ್ತೇದಾರರು ಒಂದು ಸಂಜೆ ಪೂರ್ತಿ ಹೆಣಗಿದರು, ಕೊನೆಗೆ ಪುನರ್ಜನ್ಮದ ಉದಾಹರಣೆ ಕೊಡಬೇಕಾಯಿತು. ಅಷ್ಟರಲ್ಲಿ ಬಿಬಿಎಂಪಿಯೇ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ನಮ್ಮ ಅಂಗಡಿಯವರು, ಆಟೋದವರು ಈಗಲೂ ಕಾರ್ಪೊರೇಷನ್ ಅನ್ನುತ್ತಾರೆ. ಹೆಸರು ಬದಲಾದಾಗಲೆಲ್ಲ ಹಳೆಯದನ್ನೇ ಹಿಡಿದುಕೊಂಡದ್ದರಿಂದ ಅವರಿಗೆ ಏನೂ ನಷ್ಟವಾಗಿಲ್ಲ.

ಇನ್ನೊಂದು ಆಗಾಮಿ ಇ-ಖಾತಾ. 2024ರ ಅಕ್ಟೋಬರಿನಿಂದ ಇದಿಲ್ಲದೆ ನಗರದಲ್ಲಿ ಸ್ವತ್ತಿನ ನೋಂದಣಿಯಿಲ್ಲ. ಕ್ರಯಪತ್ರದ ನಂಬರು, ತೆರಿಗೆ ರಸೀದಿ, ಋಣಭಾರ ಪತ್ರ, ಆಧಾರ್, ಕರೆಂಟಿನ ಆರ್‌.ಆರ್‌. ನಂಬರು, ಮನೆಯ ಫೋಟೊ ಎಲ್ಲವನ್ನೂ ಕಂಪ್ಯೂಟರಿಗೆ ಕೊಡಬೇಕು. ಬೀದಿಯ ಎಲ್ಲರೂ ಬೀರುವಿನಿಂದ ಹಳೆಯ ಕಾಗದ ಹೊರತೆಗೆದರು. ನುಸಿಗುಳಿಗೆಯ ವಾಸನೆ ಬೀದಿಗೆಲ್ಲ ಹರಡಿತು. ಎಡಸಾಲಿನ ಒಂದು ಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಗಾಡಿ ದಾರಿ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಮಾರಿದವರ ಉಳಿಕೆ ಜಮೀನು, ದಕ್ಷಿಣಕ್ಕೆ ಬಾಂದುಕಲ್ಲು ಎಂದಿತ್ತು. ಗಾಡಿ ದಾರಿ ಈಗ ಮೂರನೇ ಮೇನು. ಹುಣಸೆಮರದ ಜಾಗದಲ್ಲಿ ಜಿಮ್ಮು. ಉಳಿಕೆ ಜಮೀನು ಉಳಿದಿಲ್ಲ. ಬಾಂದುಕಲ್ಲು ಮಾತ್ರ ಇದೆ. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಯಾರೋ ಪೂಜೆ ಮಾಡುತ್ತಿರುವುದರಿಂದ ಕೀಳುವ ಧೈರ್ಯ ಯಾರಿಗೂ ಬಂದಿಲ್ಲ.

ಫೋಟೊ ಎಂದಾಗ ಎದುರುಮನೆಯವರಿಗೆ ಚಿಂತೆ ಹತ್ತಿತು. ಅವರ ಪ್ಲಾನಿನಲ್ಲಿರುವುದು ನೆಲಮಹಡಿ ಮತ್ತು ಎರಡು. ನಿಂತಿರುವುದು ನೆಲಮಹಡಿ ಮತ್ತು ನಾಲ್ಕು. ರಸ್ತೆಯ ಈ ತುದಿಯಿಂದ ತೆಗೆದರೆ ನಾಲ್ಕೂ ಕಾಣುತ್ತವೆ, ಆ ತುದಿಯಿಂದ ತೆಗೆದರೆ ಮುಂದಕ್ಕೆ ಚಾಚಿದ್ದು ಕಾಣುತ್ತದೆ. ಅವರ ಮಗ ಫೋನು ಹಿಡಿದು ನಮ್ಮ ಗೇಟಿನ ಹತ್ತಿರ ಬಂದು, ಕೂತು, ನಿಂತು, ಎಡಕ್ಕೆ ಸರಿದು ನೋಡಿದ. ನಮ್ಮ ಮೆಟ್ಟಿಲ ಮೇಲಿಂದ ಕೆಳಗೆ ಬಗ್ಗಿ ತೆಗೆದ ಒಂದು ಫೋಟೊ ಅದ್ಭುತವಾಗಿ ಬಂತು. ಮನೆ ನೆಲಮಹಡಿ ಮತ್ತು ಎರಡೇ. ಮೇಲಿನದೆಲ್ಲ ಹಸಿರೋ ಹಸಿರು, ಹೊಂಗೆ ದಟ್ಟವಾಗಿ ಹಬ್ಬಿ ನಿಂತಿತ್ತು.

ಎದುರುಮನೆಯವರು ಫೋನನ್ನು ತಂದು ಶಿರಸ್ತೇದಾರರಿಗೆ ತೋರಿಸಿದರು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಫೋಟೊ ಚೆನ್ನಾಗಿದೆ. ಆದ್ರೆ ಈ ಮರ ಕಡೀಬೇಕು ಅಂತ ನೀವು ಹಾಕಿದ್ರಲ್ಲ ಅರ್ಜಿ, ಅದು ಇನ್ನೂ ಅಲ್ಲೇ ಇದ್ಯಾ, ವಾಪಸ್ ತಗೊಂಡ್ರಾ?"

ಎದುರುಮನೆಯವರು ಮುಖ ಕೆಂಪು ಮಾಡಿಕೊಂಡು, ವಾಪಸು ಪಡೆಯಲು ಯಾವ ನಮೂನೆ ಎಂದು ಕೇಳಿದರು.